ಉಪ್ಪುನೀರಿನಲ್ಲಿ ನೆನೆಸಿದರೆ ಪೈನ್ ಮರ ತೇಗದಷ್ಟು ಗಟ್ಟಿಯಾಗುತ್ತದೆಯೇ?

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಮನೆ ಕಟ್ಟುವವರು ತೇಗದ ಬೆಲೆ ಕೇಳಿ ಅಗ್ಗದ ಪೈನ್ ಮರದತ್ತ ತಿರುಗುವುದುಂಟು. ಆಗ "ಉಪ್ಪುನೀರಲ್ಲಿ ನೆನೆಸಿ, ಕಲ್ಲಿನಂತಾಗುತ್ತೆ" ಎನ್ನುವವರೂ ಸಿಗುತ್ತಾರೆ. ಇದು ನಿಜವೇ? ನೋಡೋಣ.

ಚುಟುಕು ಉತ್ತರ: ನಿಜವಲ್ಲ. ಉಪ್ಪಿನಿಂದ ಮರದ ಭಾರ ಹೊರುವ ಶಕ್ತಿ ಹೆಚ್ಚುವುದಿಲ್ಲ.

ಅಡುಗೆ ಉಪ್ಪು ಏನು ಮಾಡುತ್ತದೆ?

ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಮರದೊಳಗಿನ ಉಪ್ಪೂ ಹಾಗೆಯೇ. ಮರ ಒದ್ದೆಯಾದಷ್ಟೂ ಅದರ ಬಲ ಇಳಿಯುತ್ತದೆ. ಚೆನ್ನಾಗಿ ಒಣಗಿದ ಪೈನ್ ಕಂಬ ಹೊರುವ ಭಾರದ ಸುಮಾರು ಅರ್ಧದಷ್ಟನ್ನು ಮಾತ್ರ ಹಸಿ ಕಂಬ ಹೊರಬಲ್ಲದು. ಸಾಲದ್ದಕ್ಕೆ ಉಪ್ಪು ಮೊಳೆ, ಸ್ಕ್ರೂಗಳಿಗೆ ಬೇಗ ತುಕ್ಕು ಹಿಡಿಸುತ್ತದೆ.

ಹಾಗಾದರೆ 'ಟ್ರೀಟೆಡ್' ಮರ?

ಅದು ಬೇರೆ ಲವಣಗಳ ಕೆಲಸ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ ಮಿಶ್ರಣವನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶಂ. ಒತ್ತಡ ಹಾಕಿ ಇದನ್ನು ಮರದೊಳಕ್ಕೆ ತುಂಬಿಸುತ್ತಾರೆ. ಗೆದ್ದಲು, ಶಿಲೀಂಧ್ರ ತಿನ್ನದಂತೆ ಅದು ತಡೆಯುತ್ತದೆ. ಅಂದರೆ ಇರುವ ಬಲ ಉಳಿಯುತ್ತದೆ, ಹೊಸ ಬಲ ಬರುವುದಿಲ್ಲ. ಸಂಸ್ಕರಿಸಿದ ಮೇಲೆ ಸುಮಾರು 74 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಲ್ಲಿ ಒಣಗಿಸಿದರೆ ಬಲ ಕುಂದಿ, ಪೆಟ್ಟು ಬಿದ್ದಾಗ ಮರ ಪಟ್ಟನೆ ಮುರಿಯಬಹುದು. ಬೆಂಕಿ ತಡೆಯಲು ತುಂಬಿಸುವ ಲವಣಗಳಿಂದ ಬಲ ಇನ್ನಷ್ಟು ಕಡಿಮೆಯಾಗಬಹುದು.

ಬೋರಾಕ್ಸ್, ಬೋರಿಕ್ ಆಮ್ಲದ ಸಂಸ್ಕರಣೆಯೂ ಹುಳು ತಡೆಯುತ್ತದೆ. ಆದರೆ ಮಳೆಗೆ ತೊಳೆದುಹೋಗುವುದರಿಂದ ಅದು ಮನೆಯೊಳಗಿನ ಮರಕ್ಕಷ್ಟೇ ಸರಿ.

ಕೊಳ್ಳುವಾಗ ಏನು ನೋಡಬೇಕು?

• ಯಾವ ಲವಣ ಬಳಸಿದ್ದಾರೆ, ಮರ ಪೂರ್ತಿ ಒಣಗಿದೆಯೇ ಎಂದು ಕೇಳಿ.
• ದೊಡ್ಡ ಗಂಟು, ಬಿರುಕು, ಓರೆ ಎಳೆ ಇರುವ ಮರವನ್ನು ತೊಲೆಗೆ ಹಾಕಬೇಡಿ.
• ತೇಗದ ತೊಲೆಯ ಅಳತೆಯಲ್ಲೇ ಪೈನ್ ಕೊಯ್ಯಿಸಬೇಡಿ. ದಪ್ಪ ಎಷ್ಟಿರಬೇಕೆಂದು ಎಂಜಿನಿಯರ್‌ ಬಳಿ ಲೆಕ್ಕ ಹಾಕಿಸಿ.

ಮುಖ್ಯ ಎಚ್ಚರಿಕೆ: ಸಿಸಿಎ ಮರದ ಚೂರುಗಳನ್ನು ಒಲೆಗೆ, ನೀರು ಕಾಯಿಸುವ ಹಂಡೆಯ ಕೆಳಗೆ ಹಾಕಲೇಬೇಡಿ. ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕುವುದಾಗಲಿ, ಅದನ್ನು ತಿಪ್ಪೆಗೆ ಸುರಿಯುವುದಾಗಲಿ ಬೇಡ. ಉಪ್ಪುನೀರಿನ ಸಲಹೆ ನಿಮ್ಮ ಗ್ರೂಪಿಗೆ ಬಂದರೆ, ಉತ್ತರವಾಗಿ ಈ ಎಚ್ಚರಿಕೆಯನ್ನೂ ಕಳುಹಿಸಿ.