ಬದ್ರ್‌ಗೆ ಹೋಗದವರ ಪಾಲು

ಬದ್ರ್ ಎಂದೊಡನೆ ನಮಗೆ ನೆನಪಾಗುವುದು ಮುನ್ನೂರ ಹದಿಮೂರು ಎಂಬ ಸಂಖ್ಯೆ. ರಮಝಾನ್ 17 ಬಂತೆಂದರೆ ನಮ್ಮ ಮಸೀದಿಗಳಲ್ಲಿ ಆ ಯೋಧರ ಗುಣಗಾನ ನಡೆಯುತ್ತದೆ. ಕರಾವಳಿಯಲ್ಲಂತೂ 'ಬದ್ರಿಯಾ' ಎಂಬ ಹೆಸರು ಹೊತ್ತ ಮಸೀದಿಗಳು ಎಷ್ಟೋ ಇವೆ. ಅಲ್ಲಿಗೆ ಹೋದವರನ್ನು ನಾವು ಚೆನ್ನಾಗಿ ಬಲ್ಲೆವು. ಹೋಗದೆ ಮನೆಯಲ್ಲಿ ಉಳಿದ ಒಬ್ಬರ ಕಥೆಯನ್ನು ಮಾತ್ರ ಅಷ್ಟಾಗಿ ಹೇಳಿಕೊಂಡಿಲ್ಲ.

ಕ್ರಿ.ಶ. 624, ಹಿಜರಿ 2ನೇ ವರ್ಷ. ಮದೀನಾದಿಂದ ಹೊರಟ ಆ ಸಣ್ಣ ದಂಡಿನ ಬಳಿ ಇದ್ದದ್ದು ಸುಮಾರು 70 ಒಂಟೆಗಳು, ಎರಡೇ ಕುದುರೆಗಳು. ಎದುರಿಗೆ ಬಂದ ಕುರೈಶರ ಸೈನ್ಯ ಸುಮಾರು ಒಂದು ಸಾವಿರ. ಒಬ್ಬೊಬ್ಬ ಗಂಡಾಳಿಗೂ ಬೆಲೆಯಿದ್ದ ಹೊತ್ತು ಅದು. ಅಂಥ ಹೊತ್ತಿನಲ್ಲಿ ಹ. ಉಸ್ಮಾನ್ ಬಿನ್ ಅಫ್ಫಾನ್(ರ) ಮದೀನಾದಲ್ಲೇ ಉಳಿದರು. ಕಾರಣ, ಅವರ ಪತ್ನಿ ರುಕಯ್ಯ(ರ) ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು.

ರುಕಯ್ಯ ಪ್ರವಾದಿ ಮುಹಮ್ಮದ್(ಸ)ರ ಮಗಳು. ಮಕ್ಕಾದಲ್ಲಿ ಹಿಂಸೆ ಹೆಚ್ಚಿದಾಗ, ಕ್ರಿ.ಶ. 615ರ ಸುಮಾರಿಗೆ, ಸಮುದ್ರ ದಾಟಿ ಅಬಿಸೀನಿಯಾಕ್ಕೆ ವಲಸೆ ಹೋದವರಲ್ಲಿ ಈ ದಂಪತಿ ಇದ್ದರು. ಮುಂದೆ ಮದೀನಾಕ್ಕೂ ವಲಸೆ ಬಂದರು. ತವರೂರು, ಮನೆ, ನೆಂಟರು ಎಲ್ಲವನ್ನೂ ಬಿಟ್ಟು ಎರಡು ಬಾರಿ ಗಂಡನ ಜೊತೆ ನಡೆದ ಹೆಣ್ಣುಮಗಳು ಆಕೆ. ಈಗ ನಡೆಯಲಾರದೆ ಮಲಗಿದ್ದಾಗ ಗಂಡ ಪಕ್ಕದಲ್ಲಿ ಕೂರಬೇಕಾದ ಸರದಿ ಬಂದಿತ್ತು.

ಉಳಿಯುವಂತೆ ಹೇಳಿದವರು ಸ್ವತಃ ಪ್ರವಾದಿವರ್ಯರು(ಸ). ಬಾಲಕ ಉಸಾಮ ಬಿನ್ ಝೈದ್(ರ)ರನ್ನೂ ನೆರವಿಗೆ ಬಿಟ್ಟು ಹೋಗಿದ್ದರು. ಸೇನೆಯನ್ನು ನಡೆಸಬೇಕಾದ ತಂದೆಗೆ ಮಗಳ ಬಳಿ ನಿಲ್ಲುವ ಅವಕಾಶವಿರಲಿಲ್ಲ. ಮಗಳ ಕೊನೆಯ ದಿನಗಳಲ್ಲಿ ತಂದೆ ಯುದ್ಧಭೂಮಿಯಲ್ಲಿದ್ದರು, ಗಂಡ ಹಾಸಿಗೆಯ ಬಳಿ ಇದ್ದರು. ಗೆಲುವಿನ ಸುದ್ದಿ ಹೊತ್ತು ಉಸಾಮರ ತಂದೆ ಝೈದ್ ಬಿನ್ ಹಾರಿಸ(ರ) ಮದೀನಾ ತಲುಪಿದಾಗ ಇಲ್ಲಿ ರುಕಯ್ಯರ ಗೋರಿಯ ಮೇಲೆ ಮಣ್ಣು ಸಮ ಮಾಡುತ್ತಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಊರಿಗೆಲ್ಲ ಹಬ್ಬ ತರುವ ಸುದ್ದಿ. ಉಸ್ಮಾನರ ಮನೆಯಲ್ಲಿ ಅದನ್ನು ಕೇಳಬೇಕಾದವಳೇ ಇರಲಿಲ್ಲ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಯುದ್ಧದಲ್ಲಿ ದೊರೆತದ್ದನ್ನು ಹಂಚುವಾಗ ಪ್ರವಾದಿವರ್ಯರು(ಸ) ಉಸ್ಮಾನರಿಗೂ ಒಂದು ಪಾಲು ಇಟ್ಟರು. ಬದ್ರ್‌ನಲ್ಲಿ ಹೋರಾಡಿದವರಿಗೆ ಸಿಗುವ ಪುಣ್ಯವೂ ಅವರಿಗೆ ಉಂಟೆಂದರು. ಈ ಪಾಲಿನ ತೂಕ ಎಷ್ಟೆಂದು ತಿಳಿಯಬೇಕಾದರೆ ಬದ್ರ್ ಯೋಧರಿಗೆ ಮುಂದೆ ಸಿಕ್ಕ ಸ್ಥಾನವನ್ನು ನೋಡಬೇಕು. ಹ. ಉಮರ್(ರ)ರ ಆಡಳಿತದಲ್ಲಿ ಅವರಿಗೆ ವರ್ಷಕ್ಕೆ 5,000 ದಿರ್ಹಮ್‌ಗಳ ಗೌರವಧನ ನಿಗದಿಯಾಗಿತ್ತು. ಅಂಥವರ ಸಾಲಿನಲ್ಲಿ, ಕತ್ತಿ ಹಿಡಿಯದೆ ಹೆಂಡತಿಯ ಆರೈಕೆ ಮಾಡಿದವರೂ ಸೇರಿದರು.

ಆದರೆ ಜನ ಮರೆಯಲಿಲ್ಲ. ಮರೆಯದೆ ಇದ್ದದ್ದು ಪಾಲನ್ನಲ್ಲ, ಗೈರುಹಾಜರಿಯನ್ನು! ಉಸ್ಮಾನ್(ರ) 644ರಲ್ಲಿ ಖಲೀಫರಾದರು. ಅವರ ಮೇಲೆ ಅಸಮಾಧಾನ ಬೆಳೆದು, 656ರಲ್ಲಿ ಅವರ ಕೊಲೆಯೇ ನಡೆದುಹೋಯಿತು. ಆ ವಿರೋಧದ ಕಾವಿನಲ್ಲಿ ಹಳೆಯ ಲೆಕ್ಕವೂ ಹೊರಬಂತು. ಹಜ್ಜ್‌ಗೆ ಬಂದಿದ್ದ ಈಜಿಪ್ಟಿನ ಒಬ್ಬಾತ ಉಮರ್‌ರ ಮಗ ಅಬ್ದುಲ್ಲಾ(ರ)ರನ್ನು ಎಲ್ಲರೆದುರು ಪ್ರಶ್ನಿಸಿದ ಪ್ರಸಂಗ ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಉಸ್ಮಾನ್ ಬದ್ರ್‌ನಲ್ಲಿ ಇರಲಿಲ್ಲ ಅಲ್ಲವೇ ಎಂಬುದು ಅವನ ಮೂರು ಆರೋಪಗಳಲ್ಲಿ ಒಂದು. ಅಬ್ದುಲ್ಲಾ ಹೌದೆಂದಾಗ ಅವನು ಗೆದ್ದವನಂತೆ ತಕ್ಬೀರ್ ಕೂಗಿದ. ಆಗ ಅಬ್ದುಲ್ಲಾ ಅವನನ್ನು ಕರೆದು ಕೂರಿಸಿ, ಪತ್ನಿಯ ಕಾಯಿಲೆಯ ವಿಷಯವನ್ನೂ ಪ್ರವಾದಿವರ್ಯರು(ಸ) ಕೊಟ್ಟ ಪಾಲಿನ ವಿಷಯವನ್ನೂ ವಿವರಿಸಿ, ಈ ಉತ್ತರವನ್ನೂ ಜೊತೆಗೆ ಒಯ್ಯಲು ಹೇಳಿ ಕಳಿಸಿದರು.

ಉಸ್ಮಾನರ ಆಡಳಿತದ ಸರಿತಪ್ಪು ಬೇರೆ ಚರ್ಚೆ. ಇಲ್ಲಿ ನಮ್ಮನ್ನು ಕಾಡುವುದು ಆ ಆರೋಪದ ಸ್ವಭಾವ. ಕಾಯಿಲೆಯ ಹೆಂಡತಿಯ ಬಳಿ ಕೂತದ್ದನ್ನು ಒಬ್ಬ ಗಂಡಸಿನ ಕಪ್ಪುಚುಕ್ಕೆಯನ್ನಾಗಿ ಮಾಡಬಹುದೆಂದು ಆ ಮನುಷ್ಯನಿಗೆ ಅನಿಸಿತು. ನಮ್ಮಲ್ಲಿಯೂ ಇಂಥವನನ್ನು ಹೆಂಡತಿಯ ಸೆರಗು ಹಿಡಿದವನೆಂದು ಆಡಿಕೊಳ್ಳುವವರಿಗೆ ಕೊರತೆಯಿಲ್ಲ.

ರುಕಯ್ಯ ಪ್ರವಾದಿ ಪುತ್ರಿಯಾದ್ದರಿಂದ ಈ ರಿಯಾಯಿತಿ ಎಂದು ಯಾರಾದರೂ ಹೇಳಬಹುದು. ಅದಕ್ಕೆ ಇನ್ನೊಂದು ಹದೀಸ್ ಉತ್ತರ ಕೊಡುತ್ತದೆ. ಹೆಸರೂ ದಾಖಲಾಗದ ಒಬ್ಬ ಸಾಮಾನ್ಯ ಮನುಷ್ಯ ಪ್ರವಾದಿ(ಸ)ರ ಬಳಿ ಬಂದ. ದಂಡಯಾತ್ರೆಗೆ ತನ್ನ ಹೆಸರು ಬರೆಸಿಯಾಗಿದೆ, ಹೆಂಡತಿಯಾದರೋ ಹಜ್ಜ್‌ಗೆ ಹೊರಟಿದ್ದಾಳೆ ಎಂದ. ಹೋಗಿ ಹೆಂಡತಿಯ ಜೊತೆ ಹಜ್ಜ್ ಮಾಡು ಎಂಬುದೇ ಅವನಿಗೆ ಸಿಕ್ಕ ಅಪ್ಪಣೆ. ಪಟ್ಟಿಯಲ್ಲಿದ್ದ ಹೆಸರು ಅವನನ್ನು ಕಟ್ಟಿಹಾಕಲಿಲ್ಲ.

ಯುದ್ಧವೊಂದೇ ಅಲ್ಲ, ಆರಾಧನೆಯೂ ನೆಪವಾಗಬಾರದೆಂಬುದಕ್ಕೆ ಅಬುದ್ದರ್ದಾ(ರ)ರ ಪ್ರಸಂಗವಿದೆ. ಅವರ ಮನೆಗೆ ಬಂದ ಸಲ್ಮಾನ್ ಫಾರಿಸಿ(ರ), ಮನೆಯಾಕೆ ತನ್ನ ಉಡುಗೆ ತೊಡುಗೆಯ ಕಡೆ ಗಮನವನ್ನೇ ಬಿಟ್ಟಿರುವುದನ್ನು ಕಂಡು ಕಾರಣ ಕೇಳಿದರು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂಬಂತಿದ್ದ ಗಂಡನಿಗೆ ಲೌಕಿಕದ ಹಂಬಲವೇ ಇಲ್ಲವೆಂಬುದು ಆಕೆಯ ಉತ್ತರ. ಸಲ್ಮಾನ್ ಗೆಳೆಯನಿಗೆ ಅಂದು ಉಪವಾಸ ಬಿಡಿಸಿ ಉಣ್ಣಿಸಿದರು, ರಾತ್ರಿ ಮಲಗಿಸಿದರು. ದೇವನಿಗಿರುವಂತೆ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಹೇಳಿದರು. ದೂರು ಪ್ರವಾದಿ(ಸ)ರ ತನಕ ಹೋದಾಗ ಅವರು ಸಲ್ಮಾನರ ಮಾತನ್ನೇ ಎತ್ತಿಹಿಡಿದರು.

ಉಮರ್(ರ)ರ ಕಾಲಕ್ಕೆ ಸಾಮ್ರಾಜ್ಯ ಹಿಗ್ಗಿ, ಸೈನಿಕರು ದೂರದೂರಿನ ಗಡಿಗಳಲ್ಲಿ ಉಳಿಯತೊಡಗಿದರು. ಒಂದು ರಾತ್ರಿ ಗಸ್ತು ತಿರುಗುತ್ತಿದ್ದ ಖಲೀಫರ ಕಿವಿಗೆ, ಗಂಡ ದಂಡಿಗೆ ಹೋದ ಹೆಣ್ಣೊಬ್ಬಳು ಒಂಟಿತನವನ್ನು ಹಾಡಿಕೊಳ್ಳುವುದು ಬಿತ್ತೆಂದು ವರದಿಗಳಿವೆ. ಅವರು ಸೇನಾಪತಿಗಳನ್ನು ವಿಚಾರಿಸಲಿಲ್ಲ. ಮಗಳು ಹಫ್ಸಾ(ರ)ರ ಬಳಿ ಹೋಗಿ, ಹೆಣ್ಣು ಎಷ್ಟು ಕಾಲ ಗಂಡನಿಲ್ಲದೆ ತಾಳಬಲ್ಲಳು ಎಂದು ಕೇಳಿದರು. ಉತ್ತರ ನಾಲ್ಕು ತಿಂಗಳೆಂದು ಕೆಲವು ವರದಿಗಳು, ಆರು ಎಂದು ಮತ್ತೆ ಕೆಲವು. ಅದಕ್ಕಿಂತ ಹೆಚ್ಚು ಕಾಲ ಯಾರನ್ನೂ ಗಡಿಯಲ್ಲಿ ಇರಿಸಬಾರದೆಂದು ಆಜ್ಞೆ ಹೊರಟಿತು.

ಈ ಪ್ರಸಂಗ ಓದುವಾಗಲೆಲ್ಲ ನಮಗೆ ನಮ್ಮ ಕರಾವಳಿಯ ಮನೆಗಳು ನೆನಪಾಗುತ್ತವೆ. 1970ರ ದಶಕದಿಂದೀಚೆಗೆ ಕೊಲ್ಲಿ ದೇಶಗಳಿಗೆ ಹೋದ ಗಂಡಸರು ಎರಡು ವರ್ಷಕ್ಕೊಮ್ಮೆ ಒಂದೆರಡು ತಿಂಗಳು ಊರಿಗೆ ಬಂದು ಹೋದರು. ಹಿಂದೆ ಕ್ಯಾಸೆಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದರು, ಈಗ ಮೊಬೈಲಿನಲ್ಲಿ ಮುಖ ತೋರಿಸುತ್ತಾರೆ. ಅವರು ಹೋದದ್ದು ಮನೆಯನ್ನು ಮರೆತಲ್ಲ, ಮನೆಗಾಗಿಯೇ. ಅವರನ್ನು ದೂರುವ ಅಧಿಕಾರ ನಮಗಿಲ್ಲ. ಆದರೆ ಎಷ್ಟು ವರ್ಷ ಸಾಕು ಎಂಬ ಲೆಕ್ಕ ಹಾಕುವಾಗ ಸಾಲ, ಮನೆ, ಮಗಳ ಮದುವೆ ಎಲ್ಲವನ್ನೂ ಎಣಿಸುವ ನಾವು, ಕಾದಿರುವವಳನ್ನು ಒಮ್ಮೆಯಾದರೂ ಕೇಳಿದ್ದೇವೆಯೇ?

ಊರಲ್ಲೇ ಇದ್ದು, ಅಂಗಡಿ, ಸಂಘ, ಸಭೆ ಎಂದು ಮನೆಗೆ ಮಲಗಲಷ್ಟೇ ಬರುವ ನಮ್ಮಂಥವರಿಗೆ ಆ ನೆಪವೂ ಇಲ್ಲ. ನಮ್ಮ ಯಾವ ಕೆಲಸವೂ ಬದ್ರ್‌ಗಿಂತ ದೊಡ್ಡದಲ್ಲ. ಆ ಬದ್ರ್ ಕೂಡ ಒಬ್ಬ ಗಂಡನನ್ನು ಕಾಯಿಲೆಯ ಹೆಂಡತಿಯ ಬಳಿ ಬಿಟ್ಟು ಹೋಗಿತ್ತು, ಅವನ ಪಾಲನ್ನು ಎತ್ತಿಟ್ಟಿತ್ತು.