ಒಳಪೆಡ್ಲಿನ ಕಾಲ

ನನ್ನ ಎತ್ತರ ಐದಡಿ ಒಂದಂಗುಲ. ಅಪ್ಪ 1974ರಲ್ಲಿ ಕಡೂರಿನಿಂದ ಸೆಕೆಂಡ್ ಹ್ಯಾಂಡ್ ಅಟ್ಲಾಸ್ ಸೈಕಲ್ಲು ತಂದಾಗ ಅಷ್ಟೂ ಇರಲಿಲ್ಲ. ಚಕ್ರ 28 ಅಂಗುಲ, ಫ್ರೇಮು 22. ಸೀಟು ನನ್ನ ಎದೆಮಟ್ಟ. "ಹೇಗೂ ಬೆಳೀತಾನಲ್ಲ" ಅಂದರು ಅಪ್ಪ.

ಸರಿ, ಒಳಪೆಡ್ಲು ಶುರು. ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು. ಎಡಗಾಲು ಈಚೆ ಪೆಡಲಿನ ಮೇಲೆ; ಬಲಗಾಲನ್ನು ಸೀಟು-ಹ್ಯಾಂಡಲ್ಲಿನ ನಡುವಿನ ಬಾರಿನ ಕೆಳಗೆ ತೂರಿಸಿ ಆಚೆ ಪೆಡಲಿಗೆ. ಎಡಗೈಯಲ್ಲಿ ಹ್ಯಾಂಡಲ್ಲು, ಬಲಗಂಕುಳಲ್ಲಿ ಸೀಟು. ಸೈಕಲ್ಲು ಬಲಕ್ಕೆ ವಾಲಿದರೆ ಸವಾರ ಎಡಕ್ಕೆ ಜೋತಿರುತ್ತಾನೆ. ಪೂರ್ತಿ ಸುತ್ತು ತುಳಿಯಲು ಆಗದು. ಅರ್ಧ ತುಳಿದು, ಹಿಂದಕ್ಕೆ ತಿರುಗಿಸಿ, ಮತ್ತೆ ಅರ್ಧ. ಆ ಫ್ರೀವೀಲಿನ ಕಟಕಟ ಕೇಳಿಯೇ ಬೀದಿಯವರಿಗೆ ನಾನು ಬಂದೆನೆಂದು ಗೊತ್ತಾಗುತ್ತಿತ್ತು. ಬಲಪಾದದ ಮೇಲೆ ಚೈನಿನ ಗ್ರೀಸು ಸದಾ ಇರುತ್ತಿತ್ತು. ಅಮ್ಮ ಸೀಮೆಎಣ್ಣೆ ಹಾಕಿ ತಿಕ್ಕುತ್ತಿದ್ದಳು.

ಕುಳ್ಳರ ಈ ಪಾಡು ಸೈಕಲ್ಲಿನಷ್ಟೇ ಹಳೆಯದು. 1870ರ ದಶಕದ ಇಂಗ್ಲೆಂಡಿನ ಎತ್ತರಚಕ್ರದ ಸೈಕಲ್ಲಿಗೆ ಚೈನೇ ಇರಲಿಲ್ಲ. ಪೆಡಲು ಮುಂಚಕ್ರಕ್ಕೇ ಜೋಡಿಸಿದ್ದು, ಹಾಗಾಗಿ ಕಾಲು ಎಷ್ಟುದ್ದವೋ ಚಕ್ರ ಅಷ್ಟು ದೊಡ್ಡದು. 58 ಅಂಗುಲದ ಚಕ್ರ ಏರಿದವನು ಒಂದು ತುಳಿತದ ಸುತ್ತಿಗೆ ಹದಿನೈದಡಿ ಹೋದರೆ, 48 ಅಂಗುಲದವನು ಹನ್ನೆರಡೂವರೆ ಅಡಿ. ಎಷ್ಟು ಚುರುಕಾಗಿ ತುಳಿದರೂ ಗಿಡ್ಡನಿಗೆ ಪ್ರತಿ ಸುತ್ತಿನಲ್ಲೂ ಎರಡೂವರೆ ಅಡಿ ಖೋತಾ! 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲೆ ತನ್ನ ರೋವರ್ ಸೈಕಲ್ಲಿನ ಹಿಂಚಕ್ರವನ್ನು ಚೈನಿನಿಂದ ಓಡಿಸಿದ. ಕಾಲಿನ ಉದ್ದಕ್ಕೂ ವೇಗಕ್ಕೂ ಇದ್ದ ಗಂಟು ಬಿಚ್ಚಿತು. ಆದರೆ ಮುಂದೆ ಆ ವಂಶದಲ್ಲೇ ಬೆಳೆದ ರೋಡ್‌ಸ್ಟರ್ ಸೈಕಲ್ಲಿನ ನೆಟ್ಟಗಿನ ಬಾರು ನಮ್ಮಂಥವರಿಗೆ ಅಡ್ಡಗಟ್ಟೆಯಾಯಿತು.

ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಶುರುವಾದವು. ಎರಡೂ ಅದೇ ಇಂಗ್ಲಿಷ್ ಅಚ್ಚನ್ನು ಹಿಡಿದವು. ಅವರನ್ನೇ ದೂರಲಾರೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಮಣ್ಣುರಸ್ತೆ ಎಲ್ಲಕ್ಕೂ ದೊಡ್ಡ ಚಕ್ರವೇ ಸೈ. ಮನೆಗೆ ಒಂದೇ ಸೈಕಲ್ಲು, ಅದೂ ಯಜಮಾನನ ಅಳತೆಗೆ. ಉಳಿದವರು ತಾವೇ ದಾರಿ ಹುಡುಕಿಕೊಳ್ಳಬೇಕು: ಬಾರಿಗೆ ಟವೆಲ್ ಸುತ್ತಿ ಅದರ ಮೇಲೇ ಕೂರುವುದು, ಪೆಡಲಿಗೆ ಮರದ ತುಂಡು ಕಟ್ಟುವುದು, ನಿಲ್ಲಿಸಲು ಮೋರಿಕಟ್ಟೆ ಹುಡುಕುವುದು. ಲೇಡೀಸ್ ಸೈಕಲ್ಲಿಗೆ ಆ ಬಾರೇ ಇರಲಿಲ್ಲ, ಆದರೆ ಅದನ್ನು ಹತ್ತಿದ ಹುಡುಗನನ್ನು ಊರು ಬಿಡುತ್ತಿತ್ತೇ?

ಕುಳ್ಳರಿಗೆಂದು ಫ್ರೇಮು ಚಿಕ್ಕದು ಮಾಡಿದರಷ್ಟೇ ಸಾಲದು. ಚಕ್ರ ದೊಡ್ಡದೇ ಉಳಿದರೆ ತಿರುವಿನಲ್ಲಿ ಕಾಲ್ಬೆರಳು ಮುಂಚಕ್ರಕ್ಕೆ ತಾಗುತ್ತದೆ. ಅಮೆರಿಕದ ಎಂಜಿನಿಯರ್ ಜಾರ್ಜಿನಾ ಟೆರಿ ಗಿಡ್ಡ ಹೆಂಗಸರಿಗೆಂದು 1980ರ ದಶಕದಲ್ಲಿ ಮುಂಚಕ್ರವನ್ನೇ 24 ಅಂಗುಲಕ್ಕಿಳಿಸಿ ಇದಕ್ಕೆ ಮದ್ದು ಕಂಡುಕೊಂಡರು.

ಸೀಟು ಏರಿಸಬಹುದು, ಬಾರು ಇಳಿಸಲಾಗದು. ಮಕ್ಕಳಿಗೆ ಸೈಕಲ್ಲು ಕೊಳ್ಳುವವರು ಅಂಗಡಿಯಲ್ಲೇ ಅವರನ್ನು ಬಾರಿನ ಆಚೆ-ಈಚೆ ಕಾಲಿಡಿಸಿ ನಿಲ್ಲಿಸಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆಯೇ ನೋಡಿ. ಹೇಗೂ ಬೆಳೀತಾನೆ ಅಂತ ದೊಡ್ಡದು ತರಬೇಡಿ. ನಾನು ಬೆಳೆಯಲಿಲ್ಲ.