ಶಾಶ್ವತ ನರಕ ಇಲ್ಲ ಅಂದವರ ತೆರಿಗೆ ಜಗಳ

ಚಿಕ್ಕಂದಿನಲ್ಲಿ ಸುಳ್ಳು ಹೇಳಿದರೆ ಯಮಲೋಕದಲ್ಲಿ ಕುದಿಯೋ ಎಣ್ಣೆ ಕೊಪ್ಪರಿಗೆಗೆ ಹಾಕ್ತಾರೆ ಅಂತ ಅಜ್ಜಿ ಹೆದರಿಸ್ತಿದ್ದರು. ಆ ಹೆದರಿಕೆ ಇಲ್ಲದಿದ್ದರೆ ಮನುಷ್ಯ ನೆಟ್ಟಗಿರ್ತಾನಾ? ಈ ಪ್ರಶ್ನೆ ಒಮ್ಮೆ ಅಮೆರಿಕದಲ್ಲಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು!

ಪಾಪಿಗಳಿಗೆ ನರಕ ಶಾಶ್ವತ ಅನ್ನೋದು ಕ್ರೈಸ್ತರಲ್ಲಿ ಬಹುಪಾಲು ಜನರ ನಂಬಿಕೆ. ಆದರೆ ಕೊನೆಗೆ ಎಲ್ಲ ಆತ್ಮಗಳಿಗೂ ಬಿಡುಗಡೆ ಇದೆ ಅನ್ನುವ ಕವಲೊಂದು ಅಲ್ಲಿ ಹಳೆಯ ಕಾಲದಿಂದಲೂ ಇದೆ. ಮೂರನೇ ಶತಮಾನದ ಆರಿಜೆನ್‌ನ ಬರಹಗಳಲ್ಲೇ ಅದು ಕಾಣುತ್ತದೆ.

ಇಂಗ್ಲೆಂಡಿನ ಜಾನ್ ಮರ್ರೆ ಈ ಕವಲಿಗೆ ಒಲಿದವನು. ಹೆಂಡತಿ, ಮಗು ತೀರಿಕೊಂಡರು. ಸಾಲಕ್ಕಾಗಿ ಸೆರೆವಾಸವೂ ಆಯಿತು. ಇನ್ನು ಬೋಧನೆಯೇ ಬೇಡ ಅಂತ 1770ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ. ಮುಂದಿನದು ಅವನೇ ಆತ್ಮಕಥೆಯಲ್ಲಿ ಹೇಳಿದ್ದು. ಹಡಗು ನ್ಯೂಜೆರ್ಸಿ ತೀರದಲ್ಲಿ ಮರಳಿಗೆ ಸಿಕ್ಕಿಕೊಂಡಿತು. ಅಲ್ಲಿ ಥಾಮಸ್ ಪಾಟರ್ ಎಂಬ ರೈತ ಸ್ವಂತ ಖರ್ಚಿನಲ್ಲಿ ಪ್ರಾರ್ಥನಾ ಮಂದಿರ ಕಟ್ಟಿ, ತನಗೊಪ್ಪುವ ಬೋಧಕನಿಗಾಗಿ ಕಾಯುತ್ತಿದ್ದ. ಭಾನುವಾರದೊಳಗೆ ಗಾಳಿ ತಿರುಗದಿದ್ದರೆ ಮಾತಾಡುತ್ತೇನೆ ಅಂದ ಮರ್ರೆ. ಗಾಳಿ ತಿರುಗಲಿಲ್ಲ. ಸೆಪ್ಟೆಂಬರ್ 30ರಂದು ಮಾತಾಡಲೇಬೇಕಾಯಿತು.

ಮುಂದೆ ಮರ್ರೆ ನೆಲೆಸಿದ್ದು ಮೆಸಾಚುಸೆಟ್ಸ್‌ನ ಗ್ಲಾಸ್ಟರ್ ಎಂಬ ಮೀನುಗಾರರ ಊರಲ್ಲಿ. 1779ರಲ್ಲಿ ಅವನ ಅನುಯಾಯಿಗಳು ತಮ್ಮದೇ ಚರ್ಚು ಮಾಡಿಕೊಂಡರು. ಆದರೆ ಊರಿನ ಹಳೆಯ ಚರ್ಚಿಗೆ ತೆರಿಗೆ ಕಟ್ಟುವುದು ಆಗ ಕಡ್ಡಾಯ. ಇವರು ಕಟ್ಟಲಿಲ್ಲ. ಸಾಮಾನು ಜಪ್ತಿಯಾಯಿತು, ವ್ಯಾಜ್ಯ ಶುರುವಾಯಿತು.

1780ರ ಸಂವಿಧಾನದಲ್ಲಿ ಒಂದು ದಾರಿ ಇತ್ತು. ಭಕ್ತಿ, ಧರ್ಮ, ನೀತಿ ಕಲಿಸುವ ಪ್ರಾಟೆಸ್ಟೆಂಟ್ ಬೋಧಕ ನಿಮಗೆ ಬೇರೆ ಇದ್ದರೆ, ನಿಮ್ಮ ತೆರಿಗೆ ಹಣ ಅವನಿಗೆ ಹೋಗಬಹುದು. ಎದುರು ಪಕ್ಷದವರು ಹಿಡಿದದ್ದೂ ಇದನ್ನೇ. ಶಾಶ್ವತ ಶಿಕ್ಷೆ ಇಲ್ಲ ಅನ್ನುವವನು ನೀತಿಯನ್ನು ಹೇಗೆ ಕಲಿಸಿಯಾನು? ಅಂದರೆ, ಅಜ್ಜಿಯ ಕೊಪ್ಪರಿಗೆಯದೇ ವಾದ!

1786ರಲ್ಲಿ ತೀರ್ಪು ಮರ್ರೆಯ ಪರ ಬಂತು. ಚರ್ಚಿಗೆ ತೆರಿಗೆ ಕಟ್ಟಿಸುವ ಪದ್ಧತಿ ಆ ರಾಜ್ಯದಲ್ಲಿ ಪೂರ್ತಿ ನಿಂತಿದ್ದು ಮಾತ್ರ 1833ರಲ್ಲಿ.

ನನಗೆ ಹಿಡಿಸಿದ್ದು ಇಷ್ಟು. ನರಕ ಶಾಶ್ವತವೋ ಅಲ್ಲವೋ ಅದನ್ನು ಯಾವ ಕೋರ್ಟೂ ಹೇಳಲಾರದು. ಆದರೆ ನರಕಕ್ಕೆ ಹೆದರದವನೂ ನೀತಿವಂತನಾಗಿರಬಲ್ಲ ಅನ್ನೋದಕ್ಕೆ ಅವತ್ತು ಕಾನೂನಿನಲ್ಲಿ ಜಾಗ ಸಿಕ್ಕಿತು. ಇವತ್ತಿಗೂ ಇದು ಸಣ್ಣ ಮಾತಲ್ಲ.

ಅಂದಹಾಗೆ, ಆ ಕೊಪ್ಪರಿಗೆ ಇಲ್ಲ ಅಂತ ಗೊತ್ತಾದ ಮೇಲೂ ಅಜ್ಜಿಯೆದುರು ಸುಳ್ಳು ಹೇಳೋಕೆ ನನಗೆ ಬಾಯೇ ಬರಲಿಲ್ಲ. ಅದು ಹೆದರಿಕೆಯಾ, ಪ್ರೀತಿಯಾ? ನೀವೇನಂತೀರಿ?